ಬಾನುಲಿಯಲ್ಲಿ ರಾಕ್ ಅಂಡ್ ರೋಲ್: ಅಲನ್ ಫ್ರೀಡನ ಬಾಳಿನ ಕಥೆ

ಹಾಡಿದವರ ಹೆಸರು ಜನರ ನೆನಪಿನಲ್ಲಿ ಉಳಿಯುತ್ತದೆ. ಹಾಡನ್ನು ಕಟ್ಟಿದವರ ಹೆಸರೂ ಒಂದಿಷ್ಟು ಉಳಿಯುತ್ತದೆ. ಆದರೆ ಆ ಹಾಡನ್ನು ಮೊತ್ತಮೊದಲು ನಮ್ಮ ಕಿವಿಗೆ ಮುಟ್ಟಿಸಿದವರು ಯಾರೆಂದು ನಾವು ಯೋಚಿಸುವುದೇ ಅಪರೂಪ. ಅಮೆರಿಕದಲ್ಲಿ ಒಬ್ಬ ಮನುಷ್ಯನಿದ್ದನು. ಅವನು ಗಾಯಕನಲ್ಲ, ವಾದ್ಯ ನುಡಿಸುವ ಆಸೆಯನ್ನೂ ಎಳೆಯ ವಯಸ್ಸಿನಲ್ಲೇ ಬಿಡಬೇಕಾಗಿ ಬಂದವನು. ಬಾನುಲಿ ಕೇಂದ್ರದ ಸಣ್ಣದೊಂದು ಕೋಣೆಯಲ್ಲಿ ಕುಳಿತು, ಬೇರೆಯವರು ಹಾಡಿದ ಗ್ರಾಮಫೋನ್ ತಟ್ಟೆಗಳನ್ನು ಒಂದೊಂದಾಗಿ ಹಾಕುತ್ತ, ನಡುನಡುವೆ ಕೇಳುಗರೊಡನೆ ಮಾತನಾಡುತ್ತ, ತನ್ನ ದೇಶದ ಯುವಜನರ ಅಭಿರುಚಿಯನ್ನೇ ಅವನು ಬದಲಾಯಿಸಿದನು. ಅವನೇ ಅಲನ್ ಫ್ರೀಡ್. ರಾಕ್ ಅಂಡ್ ರೋಲ್ ಎಂಬ ಸಂಗೀತದ ಹೆಸರು ಇಂದು ಲೋಕಕ್ಕೆಲ್ಲ ತಿಳಿದಿದೆ. ಆ ಹೆಸರು ಮನೆಮಾತಾದುದು ಬಹುಮಟ್ಟಿಗೆ ಅವನಿಂದ. ಅವನು ಬಾಳಿದ್ದು 43 ವರ್ಷ ಮಾತ್ರ. ಅವನ ಏಳಿಗೆ ಎಷ್ಟು ಬೇಗ ಆಯಿತೋ ಪತನವೂ ಅಷ್ಟೇ ಬೇಗ ಆಯಿತು. ಎರಡನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಹೇಳಲು ನಾವು ಬಯಸುತ್ತೇವೆ.

ಬಾನುಲಿಯಲ್ಲಿ ರೆಕಾರ್ಡುಗಳನ್ನು ಆರಿಸಿ ಹಾಕಿ, ಅವುಗಳ ವಿಷಯವಾಗಿ ನಾಲ್ಕು ಮಾತು ಹೇಳಿ, ಕೇಳುಗರನ್ನು ರಂಜಿಸುವವನಿಗೆ ಅಮೆರಿಕದಲ್ಲಿ ಡಿಸ್ಕ್ ಜಾಕಿ ಎಂದು ಹೆಸರು. ಡಿಸ್ಕ್ ಎಂದರೆ ತಟ್ಟೆ, ಜಾಕಿ ಎಂದರೆ ಪಂದ್ಯದ ಕುದುರೆ ಏರಿದ ಸವಾರ. ರೇಡಿಯೋ ಸಿಲೋನಿನಲ್ಲಿ ಹಿಂದಿ ಚಿತ್ರಗೀತೆಗಳನ್ನು ಪರಿಚಯಿಸುತ್ತಿದ್ದ ಅಮೀನ್ ಸಯಾನಿಯವರ ದನಿಯನ್ನು ಮಕ್ಕಳ ಅಜ್ಜ ಅಜ್ಜಿಯರು ಇಂದಿಗೂ ಮರೆತಿರಲಾರರು. ಅವರ ಕಾರ್ಯಕ್ರಮ ಆರಂಭವಾದುದು 1952ರಲ್ಲಿ. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೀಡನ ದನಿಯೂ ಕೇಳತೊಡಗಿತ್ತು.

ಫ್ರೀಡ್ ಹುಟ್ಟಿದ್ದು 1921ರ ಡಿಸೆಂಬರ್ 15ರಂದು, ಪೆನ್ಸಿಲ್ವೇನಿಯ ರಾಜ್ಯದ ವಿಂಡ್‌ಬರ್ ಎಂಬ ಕಲ್ಲಿದ್ದಲಿನ ಗಣಿಗಳ ಊರಿನಲ್ಲಿ. ಅವನ ತಂದೆ ಲಿಥುವೇನಿಯದಿಂದ ವಲಸೆ ಬಂದ ಯೆಹೂದಿ. ತಾಯಿ ವೇಲ್ಸ್ ಮೂಲದ ಮನೆತನದವಳು. 1933ರಲ್ಲಿ, ಅವನಿಗೆ ಹನ್ನೊಂದು ವರ್ಷವಾಗಿದ್ದಾಗ, ಕುಟುಂಬವು ಪಕ್ಕದ ಒಹಾಯೊ ರಾಜ್ಯದ ಸೇಲಂ ಎಂಬ ಊರಿಗೆ ಬಂದು ನೆಲೆಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಪ್ಪು ಜನರ ಗುಲಾಮಗಿರಿಯ ವಿರುದ್ಧ ಹೋರಾಡಿದವರಿಗೆ ಆಶ್ರಯವಾಗಿದ್ದ ಊರು ಅದು. ಅಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ ಫ್ರೀಡ್ ಜೊತೆಗಾರರನ್ನು ಕೂಡಿಸಿಕೊಂಡು ಒಂದು ವಾದ್ಯವೃಂದವನ್ನು ಕಟ್ಟಿದನು. ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯವನ್ನು ಅವನು ನುಡಿಸುತ್ತಿದ್ದನು. ಮುಂದೆ ದೊಡ್ಡದೊಂದು ವಾದ್ಯವೃಂದದ ನಾಯಕನಾಗಬೇಕೆಂಬುದೇ ಅವನ ಕನಸಾಗಿತ್ತು.

ಆ ಕನಸು ಕೈಗೂಡಲಿಲ್ಲ. ಕಿವಿಗೆ ತಗಲಿದ ಸೋಂಕು ಅವನ ವಾದ್ಯಜೀವನಕ್ಕೆ ಕೊನೆ ಹಾಡಿತು. 1940ರಲ್ಲಿ ಹೈಸ್ಕೂಲು ಮುಗಿಸಿ ಒಹಾಯೊ ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವನ ಮನಸ್ಸು ಬಾನುಲಿಯ ಕಡೆಗೆ ಹರಿಯಿತು. ನುಡಿಸಲಾಗದಿದ್ದರೇನಂತೆ, ಕೇಳಿಸಬಹುದಲ್ಲ! ಎರಡನೆಯ ಮಹಾಯುದ್ಧದ ದಿನಗಳಲ್ಲಿ ಸ್ವಲ್ಪ ಕಾಲ ಸೈನ್ಯದಲ್ಲಿದ್ದು ಬಂದ ಬಳಿಕ ಸಣ್ಣಪುಟ್ಟ ಊರುಗಳ ಬಾನುಲಿ ಕೇಂದ್ರಗಳಲ್ಲಿ ಅವನು ದುಡಿದನು. ಯಂಗ್ಸ್‌ಟೌನ್ ಎಂಬಲ್ಲಿ ಆಟಗಳ ವೀಕ್ಷಕ ವಿವರಣೆ ನೀಡಿದನು. 1945ರಲ್ಲಿ ಏಕ್ರನ್ ನಗರದ ಕೇಂದ್ರಕ್ಕೆ ಬಂದು ಜಾಜ್ ಮತ್ತು ಜನಪ್ರಿಯ ಗೀತೆಗಳ ರೆಕಾರ್ಡುಗಳನ್ನು ಹಾಕುತ್ತ ಸ್ಥಳೀಯರ ಮೆಚ್ಚುಗೆ ಗಳಿಸಿದನು. ಅಲ್ಲಿಂದ ಅವನು ಬಂದುದು ಕ್ಲೀವ್‌ಲ್ಯಾಂಡಿಗೆ. ಅವನ ಹೆಸರು ಈಗಲೂ ಅಂಟಿಕೊಂಡಿರುವುದು ಆ ನಗರದೊಂದಿಗೇ.

ಮುಂದಿನ ಕಥೆ ತಿಳಿಯಬೇಕಾದರೆ ಅಂದಿನ ಅಮೆರಿಕದ ಸ್ಥಿತಿಯನ್ನು ಸ್ವಲ್ಪ ಅರಿತಿರಬೇಕು. ಗುಲಾಮಗಿರಿ 1865ರಲ್ಲೇ ರದ್ದಾಗಿದ್ದರೂ ಕಪ್ಪು ಜನರಿಗೆ ಸಮಾನತೆ ದೊರೆತಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅವರ ಮಕ್ಕಳಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಬೇರೆ ಆಸನ, ಕುಡಿಯುವ ನೀರಿಗೂ ಬೇರೆ ನಲ್ಲಿ. ಉತ್ತರದಲ್ಲಿ ಕಾನೂನು ಅಷ್ಟು ಕಠಿಣವಾಗಿರದಿದ್ದರೂ ಕೇರಿಗಳು ಬೇರೆಬೇರೆಯಾಗಿಯೇ ಇದ್ದವು. ಸಂಗೀತಕ್ಕೂ ಈ ಪಂಕ್ತಿಭೇದ ತಪ್ಪಿರಲಿಲ್ಲ. ಕಪ್ಪು ಗಾಯಕರ ರೆಕಾರ್ಡುಗಳಿಗೆ ವ್ಯಾಪಾರಿಗಳು ಜನಾಂಗದ ರೆಕಾರ್ಡುಗಳೆಂದೇ ಹೆಸರಿಟ್ಟಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಎಂಬ ಸಂಗೀತ ವ್ಯಾಪಾರದ ಪತ್ರಿಕೆಯು ಆ ಹೆಸರನ್ನು ಬಿಟ್ಟು ರಿದಮ್ ಅಂಡ್ ಬ್ಲೂಸ್ ಎಂಬ ಹೆಸರನ್ನು ಬಳಕೆಗೆ ತಂದಿತು. ಹೆಸರು ಬದಲಾದರೂ ಬಿಳಿಯರ ಬಹುತೇಕ ಬಾನುಲಿ ಕೇಂದ್ರಗಳು ಆ ಹಾಡುಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಕ್ಲೀವ್‌ಲ್ಯಾಂಡಿನಲ್ಲಿ ಲಿಯೊ ಮಿಂಟ್ಜ್ ಎಂಬವನ ದೊಡ್ಡದೊಂದು ರೆಕಾರ್ಡಿನ ಅಂಗಡಿಯಿತ್ತು. ವ್ಯಾಪಾರಿಯ ಕಣ್ಣು ಚುರುಕು. ತನ್ನ ಅಂಗಡಿಗೆ ಬರುವ ಬಿಳಿಯ ಹುಡುಗ ಹುಡುಗಿಯರೂ ಕಪ್ಪು ಗಾಯಕರ ರೆಕಾರ್ಡುಗಳನ್ನು ಕೇಳಿ ಕುಣಿಯುವುದನ್ನೂ ಕಾಸು ಕೊಟ್ಟು ಕೊಳ್ಳುವುದನ್ನೂ ಅವನು ಗಮನಿಸಿದ್ದನು. ದೊಡ್ಡವರು ಹಾಕಿದ ಬೇಲಿಯನ್ನು ಮಕ್ಕಳು ತಮಗರಿವಿಲ್ಲದೆಯೇ ದಾಟುತ್ತಿದ್ದರು. ಈ ಸಂಗತಿಯನ್ನು ಅವನು ಫ್ರೀಡನಿಗೆ ತಿಳಿಸಿ, ಅಂಥ ಹಾಡುಗಳಿಗಾಗಿಯೇ ಒಂದು ಕಾರ್ಯಕ್ರಮ ನಡೆಸುವುದಾದರೆ ತಾನೇ ಪ್ರಾಯೋಜಕನಾಗುವೆನೆಂದು ಒಪ್ಪಿಕೊಂಡನು. ಫ್ರೀಡನಿಗೆ ಮೊದಲಿಗೆ ಅನುಮಾನವಿತ್ತು. ಆದರೆ ಅಂಗಡಿಗೆ ಹೋಗಿ ಕಣ್ಣಾರೆ ಕಂಡ ಮೇಲೆ ಅವನು ಹಿಂದೆಮುಂದೆ ನೋಡಲಿಲ್ಲ.

1951ರ ಜುಲೈ 11ರ ರಾತ್ರಿ ಕ್ಲೀವ್‌ಲ್ಯಾಂಡಿನ ಡಬ್ಲ್ಯು.ಜೆ.ಡಬ್ಲ್ಯು. ಕೇಂದ್ರದಿಂದ ಅವನ ಹೊಸ ಕಾರ್ಯಕ್ರಮ ಆರಂಭವಾಯಿತು. ನ್ಯೂಯಾರ್ಕಿನ ಬೀದಿಗಳಲ್ಲಿ ವಾದ್ಯ ನುಡಿಸಿ ಬದುಕುತ್ತಿದ್ದ ಲೂಯಿಸ್ ಹಾರ್ಡಿನ್ ಎಂಬ ಅಂಧ ಸಂಗೀತಗಾರನೊಬ್ಬನು ಮೂನ್‌ಡಾಗ್ ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದನು. ಅವನ ರೆಕಾರ್ಡೊಂದನ್ನು ಫ್ರೀಡ್ ತನ್ನ ಕಾರ್ಯಕ್ರಮದ ಆರಂಭದ ರಾಗವಾಗಿ ಬಳಸಿಕೊಂಡನಲ್ಲದೆ ಅವನ ಹೆಸರನ್ನೂ ತನ್ನದಾಗಿ ಮಾಡಿಕೊಂಡನು. ಹಾಡು ತಿರುಗುತ್ತಿದ್ದಂತೆ ಫ್ರೀಡ್ ಸುಮ್ಮನೆ ಕುಳಿತಿರುತ್ತಿರಲಿಲ್ಲ. ಮೇಜಿನ ಮೇಲಿನ ದಪ್ಪ ಟೆಲಿಫೋನ್ ಡೈರೆಕ್ಟರಿಯನ್ನು ಕೈಯಿಂದ ಬಡಿದು ತಾಳ ಹಾಕುವನು, ಹಸುವಿನ ಕೊರಳಗಂಟೆಯನ್ನು ಬಾರಿಸುವನು, ಉತ್ಸಾಹ ತಡೆಯದೆ ಕೂಗುವನು. ಗಂಭೀರವಾದ ಉದ್ಘೋಷಕರ ದನಿಗೆ ಒಗ್ಗಿಹೋಗಿದ್ದ ಕಿವಿಗಳಿಗೆ ಇದು ತೀರ ಹೊಸತು. ಹಾಡನ್ನು ಹಾಕುವವನಿಗೇ ಹಾಡು ಇಷ್ಟವಾಗಿದೆ ಎಂಬುದು ಕೇಳುಗರಿಗೆ ಮನವರಿಕೆಯಾಯಿತು.

ಅವನ ಕಾರ್ಯಕ್ರಮ ರಾತ್ರಿ ಹೊತ್ತು ನಡೆಯುತ್ತಿದ್ದುದೂ ಒಂದು ಅನುಕೂಲವಾಯಿತು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಬಲ್ಲರು. ಮಧ್ಯಮ ತರಂಗಾಂತರದ ಬಾನುಲಿ ಅಲೆಗಳು ಹಗಲಿನಲ್ಲಿ ಹೆಚ್ಚು ದೂರ ಹೋಗಲಾರವು. ಮೇಲಕ್ಕೆ ಹೋದ ಅಲೆಗಳನ್ನು ವಾಯುಮಂಡಲದ ಮೇಲಿನ ಒಂದು ಪದರವು ಹೀರಿಕೊಳ್ಳುತ್ತದೆ. ಸೂರ್ಯನು ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿರುವ ಪದರಕ್ಕೆ ಅಲೆಗಳು ತಾಗಿ ಪ್ರತಿಫಲಿಸಿ ನೂರಾರು ಮೈಲಿಗಳಾಚೆ ನೆಲಕ್ಕಿಳಿಯುತ್ತವೆ. ಅಲೆಗಳಿಗೆ ಗಡಿಯ ಕಟ್ಟೆಯಿಲ್ಲ, ತನಿಖಾ ಠಾಣೆಯಿಲ್ಲ. ಮಂಗಳೂರು ಆಕಾಶವಾಣಿಯ ಕನ್ನಡ, ತುಳು ಹಾಡುಗಳನ್ನು ರಾಜ್ಯದ ಗಡಿಯ ಈಚೆಗೆ ಕುಳಿತು ಕೇಳಿ ಬೆಳೆದ ನಮ್ಮ ಊರುಗಳ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ರೀಡನ ಹಾಡುಗಳು ಕಪ್ಪು ಜನರ ಕೇರಿಗೂ ಬಿಳಿಯರ ಬಡಾವಣೆಗೂ ಒಂದೇ ಗಳಿಗೆಯಲ್ಲಿ ಮುಟ್ಟಿದವು. ಬಾನುಲಿಯಲ್ಲಿ ಹಾಡುವವರ ಮೈಬಣ್ಣ ಕಾಣುವುದಿಲ್ಲವಷ್ಟೆ. ಫ್ರೀಡನೇ ಕಪ್ಪು ಜನಾಂಗದವನೆಂದು ಎಷ್ಟೋ ಕೇಳುಗರು ನಂಬಿದ್ದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಫ್ರೀಡ್ ಈ ಸಂಗೀತವನ್ನು ಹುಟ್ಟಿಸಿದವನಲ್ಲ. ರಾಕ್ ಅಂಡ್ ರೋಲ್ ಎಂಬ ಪದಗಳೂ ಅವನ ಸೃಷ್ಟಿಯಲ್ಲ. ತೂಗುವುದು, ಉರುಳುವುದು ಎಂಬ ಅರ್ಥದ ಆ ಮಾತುಗಳು ಕಪ್ಪು ಜನರ ಹಾಡುಗಳಲ್ಲಿ ದಶಕಗಳಿಂದ ಇದ್ದವು. ಈ ಹಾಡುಗಳನ್ನು ಬಾನುಲಿಯಲ್ಲಿ ಮೊದಲು ಹಾಕಿದವನೂ ಅವನಲ್ಲ. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದ ಡಬ್ಲ್ಯು.ಡಿ.ಐ.ಎ. ಕೇಂದ್ರದಲ್ಲಿ 1948ರಲ್ಲೇ ನ್ಯಾಟ್ ಡಿ. ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ಉದ್ಘೋಷಕನು ಕಾರ್ಯಕ್ರಮ ಆರಂಭಿಸಿದ್ದನು. ಅವನು ಹೈಸ್ಕೂಲಿನ ಉಪಾಧ್ಯಾಯನೂ ಆಗಿದ್ದನೆಂಬುದು ನಮಗೆ ಸಂತೋಷದ ಸಂಗತಿ. ಇಂಥವರ ಹೆಸರು ಹಿಂದೆ ಉಳಿದು ಫ್ರೀಡನ ಹೆಸರು ಮುಂದೆ ಬಂದುದರಲ್ಲಿ ಅವನ ಬಿಳಿಯ ಬಣ್ಣದ ಪಾಲೂ ಇತ್ತೆಂಬುದನ್ನು ನಾವು ಮರೆಯಲಾಗದು. ಫ್ರೀಡ್ ಮಾಡಿದುದಿಷ್ಟು: ಕಪ್ಪು ಜನರ ಹಾಡು ಎಂಬ ಹಣೆಪಟ್ಟಿಯನ್ನು ಕಿತ್ತು, ರಾಕ್ ಅಂಡ್ ರೋಲ್ ಎಂಬ ಹೆಸರಿನಲ್ಲಿ ಅದನ್ನು ಎಲ್ಲ ಎಳೆಯರ ಮುಂದಿಟ್ಟನು.

ಅವನ ಜನಪ್ರಿಯತೆ ಎಷ್ಟೆಂಬುದು 1952ರ ಮಾರ್ಚ್ 21ರಂದು ತಿಳಿಯಿತು. ಅಂದು ರಾತ್ರಿ ಕ್ಲೀವ್‌ಲ್ಯಾಂಡಿನ ಅರೀನಾ ಎಂಬ ಒಳಾಂಗಣದಲ್ಲಿ ಫ್ರೀಡ್ ಮತ್ತು ಅವನ ಸಂಗಡಿಗರು ದೊಡ್ಡದೊಂದು ಸಂಗೀತ ನೃತ್ಯಕೂಟವನ್ನು ಏರ್ಪಡಿಸಿದ್ದರು. ಆ ಕಟ್ಟಡದಲ್ಲಿ ಹಿಡಿಸುವುದು ಸುಮಾರು 10,000 ಜನ. ಸ್ಥಳಕ್ಕಿಂತ ಹೆಚ್ಚು ಟಿಕೇಟುಗಳು ಮಾರಾಟವಾಗಿದ್ದವು. ನಕಲಿ ಟಿಕೇಟುಗಳೂ ಸೇರಿಕೊಂಡವು. ಅಂದಾಜು 20,000 ಜನ ನೆರೆದು, ಬಾಗಿಲುಗಳನ್ನು ಒಡೆದುಕೊಂಡು ಒಳನುಗ್ಗಿದರು. ಮೊದಲ ಕಲಾವಿದ ಪಾಲ್ ವಿಲಿಯಮ್ಸ್ ನುಡಿಸಲು ಆರಂಭಿಸುವಷ್ಟರಲ್ಲೇ ಗದ್ದಲ ಕೈಮೀರಿ, ಅಧಿಕಾರಿಗಳು ಕೂಟವನ್ನು ನಿಲ್ಲಿಸಿಬಿಟ್ಟರು. ಮರುದಿನ ಫ್ರೀಡ್ ಬಾನುಲಿಯಲ್ಲಿ ಕೇಳುಗರ ಕ್ಷಮೆ ಬೇಡಬೇಕಾಯಿತು. ಒಂದೇ ಹಾಡಿಗೆ ಮುಗಿದುಹೋದ ಈ ಕೂಟವನ್ನೇ ಇತಿಹಾಸಕಾರರು ಜಗತ್ತಿನ ಮೊದಲ ರಾಕ್ ಅಂಡ್ ರೋಲ್ ಕಚೇರಿಯೆಂದು ಗುರುತಿಸುತ್ತಾರೆ.

ಮರುವರ್ಷ, 1953ರಲ್ಲಿ, ಅವನಿಗೆ ದೊಡ್ಡದೊಂದು ಗಂಡಾಂತರ ಒದಗಿತು. ಅವನ ಕಾರು ಅಪಘಾತಕ್ಕೀಡಾಗಿ ಮುಖಕ್ಕೂ ಒಳಗಿನ ಅಂಗಗಳಿಗೂ ಭಾರಿ ಪೆಟ್ಟಾಯಿತು. ಬದುಕಿ ಉಳಿದುದೇ ಹೆಚ್ಚು. ಶರೀರ ಪೂರ್ತಿ ಗುಣವಾಗುವ ಮೊದಲೇ ಅವನು ಮತ್ತೆ ಬಾನುಲಿಯಲ್ಲಿ ಮಾತನಾಡತೊಡಗಿದನು. ಆದರೆ ಆ ಪೆಟ್ಟಿನ ಪರಿಣಾಮ ಕೊನೆಯವರೆಗೂ ಉಳಿಯಿತು. ಹಾಗೆ ಜಖಂಗೊಂಡ ಶರೀರಕ್ಕೆ ಮದ್ಯಪಾನ ವಿಷವೆಂದು ತಿಳಿದಿದ್ದರೂ ಅದನ್ನು ಅವನು ಬಿಡಲಾರದೆ ಹೋದನು.

ಅವನ ಕಾರ್ಯಕ್ರಮದ ಮುದ್ರಣಗಳು ನ್ಯೂಯಾರ್ಕಿನ ಬಳಿಯ ನ್ಯೂಆರ್ಕ್ ನಗರದ ಕೇಂದ್ರವೊಂದರಿಂದ ಪ್ರಸಾರವಾಗಿ ಅಲ್ಲಿಯೂ ಹೆಸರು ಮಾಡಿದ್ದವು. 1954ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಡಬ್ಲ್ಯು.ಐ.ಎನ್.ಎಸ್. ಕೇಂದ್ರವು ಅವನನ್ನು ಬರಮಾಡಿಕೊಂಡಿತು. ಮಹಾನಗರಕ್ಕೆ ಕಾಲಿಟ್ಟ ಕೆಲವೇ ವಾರಗಳಲ್ಲಿ ಅವನಿಗೆ ಒಂದು ಪಾಠವಾಯಿತು. ಬೀದಿಯ ಸಂಗೀತಗಾರ ಹಾರ್ಡಿನ್ ತನ್ನ ಹೆಸರನ್ನೂ ರಾಗವನ್ನೂ ಅನುಮತಿಯಿಲ್ಲದೆ ಬಳಸಿಕೊಂಡುದಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದನು. ತೀರ್ಪು ಬಡ ಸಂಗೀತಗಾರನ ಪರವಾಯಿತು. ಫ್ರೀಡ್ ಪರಿಹಾರ ಕೊಡಬೇಕಾಯಿತು. ಮೂನ್‌ಡಾಗ್ ಎಂಬ ಹೆಸರನ್ನೂ ಬಿಡಬೇಕಾಯಿತು. ಆಗ ಅವನು ತನ್ನ ಕಾರ್ಯಕ್ರಮಕ್ಕೆ ರಾಕ್ ಅಂಡ್ ರೋಲ್ ಕೂಟ ಎಂಬರ್ಥದ ಹೆಸರಿಟ್ಟನು. ಹೀಗೆ ಸೋತ ಒಂದು ಮೊಕದ್ದಮೆಯೇ ಹೊಸ ಸಂಗೀತದ ಹೆಸರನ್ನು ದೇಶದ ನಾಲಗೆಯ ಮೇಲೆ ಕೂರಿಸಲು ನೆರವಾಯಿತು.

ಆ ದಿನಗಳಲ್ಲಿ ರೆಕಾರ್ಡಿನ ಕಂಪೆನಿಗಳು ಒಂದು ಉಪಾಯ ಹೂಡಿದ್ದವು. ಕಪ್ಪು ಗಾಯಕನ ಹಾಡೊಂದು ಜನಪ್ರಿಯವಾಗುತ್ತಲೇ ಅದನ್ನೇ ಬಿಳಿಯ ಗಾಯಕನಿಂದ ನಯವಾಗಿ ಮತ್ತೆ ಹಾಡಿಸಿ ಮಾರುತ್ತಿದ್ದವು. ಬಾನುಲಿಯಲ್ಲಿ ಕೇಳಿಸುತ್ತಿದ್ದುದು ಎರಡನೆಯದು, ಲಾಭವೂ ಅದಕ್ಕೇ. 1955ರಲ್ಲಿ ಫ್ಯಾಟ್ಸ್ ಡಾಮಿನೊ ಎಂಬ ಕಪ್ಪು ಗಾಯಕನ ಹಾಡನ್ನು ಪ್ಯಾಟ್ ಬೂನ್ ಎಂಬ ಬಿಳಿಯ ಗಾಯಕನು ಹಾಡಿ ಅವನಿಗಿಂತ ಹೆಚ್ಚು ಪ್ರಚಾರ ಪಡೆದುದು ಇದಕ್ಕೊಂದು ನಿದರ್ಶನ. ಫ್ರೀಡ್ ಇಂಥ ಮರುಹಾಡುಗಳನ್ನು ಹಾಕಲು ಒಪ್ಪದೆ ಮೂಲ ಗಾಯಕರ ರೆಕಾರ್ಡುಗಳನ್ನೇ ಹಾಕುತ್ತಿದ್ದನು. ಬೆಳೆದವನಿಗೇ ಬೆಳೆಯ ಫಲ ಸಲ್ಲಬೇಕೆಂಬ ನ್ಯಾಯ ಅದರಲ್ಲಿತ್ತು. ಅವನ ಬಾಳಿನಲ್ಲಿ ನಾವು ತಲೆಬಾಗಬೇಕಾದ ಸಂಗತಿ ಇದು.

1955ರ ಜನವರಿಯಲ್ಲಿ ನ್ಯೂಯಾರ್ಕಿನ ಸೇಂಟ್ ನಿಕೊಲಸ್ ಅರೀನಾದಲ್ಲಿ ಅವನು ನಡೆಸಿದ ಎರಡು ರಾತ್ರಿಗಳ ಕೂಟಕ್ಕೆ ಎರಡೂ ಜನಾಂಗಗಳ ತರುಣ ತರುಣಿಯರು ಬಂದು ಒಂದೇ ನೆಲದ ಮೇಲೆ ಕುಣಿದರು. ಅನಂತರ ಬ್ರೂಕ್ಲಿನ್ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ಅವನ ಪ್ರದರ್ಶನಗಳಿಗೆ ಬೀದಿಯುದ್ದಕ್ಕೂ ಸಾಲು ನಿಲ್ಲತೊಡಗಿತು. 1956ರಿಂದ 1959ರವರೆಗೆ ಹಲವು ಚಲನಚಿತ್ರಗಳಲ್ಲಿ ಅವನು ತನ್ನದೇ ಪಾತ್ರದಲ್ಲಿ ಕಾಣಿಸಿಕೊಂಡು ಚಕ್ ಬೆರಿ, ಲಿಟ್ಲ್ ರಿಚರ್ಡ್ ಮುಂತಾದವರನ್ನು ಬೆಳ್ಳಿತೆರೆಗೆ ತಂದನು. ಇದು ನಡೆಯುತ್ತಿದ್ದುದು ಎಂಥ ಕಾಲದಲ್ಲಿ? 1954ರಲ್ಲಿ ಶಾಲೆಗಳಲ್ಲಿ ಜನಾಂಗಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿ ನಗರದ ಬಸ್ಸುಗಳನ್ನು ಕಪ್ಪು ಜನರು ಬಹಿಷ್ಕರಿಸಿದ್ದರು. ಹಳೆಯ ಗೋಡೆಗಳು ಅಲುಗಾಡುತ್ತಿದ್ದ ಕಾಲ ಅದು.

ಗೋಡೆ ಅಲುಗಿದಾಗ ಅದರ ನೆರಳಿನಲ್ಲಿದ್ದವರಿಗೆ ಕೋಪ ಬರುವುದು ಸಹಜ. ಈ ಸಂಗೀತದಿಂದ ಮಕ್ಕಳು ಕೆಡುವರೆಂದು ಪಾದ್ರಿಗಳೂ ಪೋಷಕರೂ ಪತ್ರಿಕೆಗಳೂ ದೂರಿದರು. 1957ರ ಬೇಸಿಗೆಯಲ್ಲಿ ಎ.ಬಿ.ಸಿ. ದೂರದರ್ಶನ ಜಾಲವು ಫ್ರೀಡನಿಗೆ ಒಂದು ಕಾರ್ಯಕ್ರಮ ಕೊಟ್ಟಿತು. ಅದರಲ್ಲಿ ಫ್ರ್ಯಾಂಕಿ ಲೈಮನ್ ಎಂಬ ಹದಿಹರೆಯದ ಕಪ್ಪು ಗಾಯಕನು ಬಿಳಿಯ ಹುಡುಗಿಯೊಬ್ಬಳೊಡನೆ ಕುಣಿದನು. ದಕ್ಷಿಣದ ಕೇಂದ್ರಗಳಿಂದ ಆಕ್ಷೇಪಣೆಗಳು ಬಂದವು. ಕಾರ್ಯಕ್ರಮ ಕೆಲವೇ ವಾರಗಳಲ್ಲಿ ನಿಂತುಹೋಯಿತು. 1958ರ ಮೇ 3ರಂದು ಬಾಸ್ಟನ್ ನಗರದ ಅವನ ಕಚೇರಿಯ ನಡುವೆ ಪೊಲೀಸರು ದೀಪಗಳನ್ನು ಹೊತ್ತಿಸಿದರು, ವಾಗ್ವಾದವಾಯಿತು, ಹೊರಗಡೆ ಹೊಡೆದಾಟಗಳಾದವೆಂದು ವರದಿಯಾಯಿತು. ದೊಂಬಿಗೆ ಪ್ರಚೋದಿಸಿದನೆಂದು ಫ್ರೀಡನ ಮೇಲೆ ಮೊಕದ್ದಮೆ ಹೂಡಲಾಯಿತು. ಆ ಆರೋಪವನ್ನು ಮುಂದೆ ಕೈಬಿಟ್ಟರೂ ಆಗಬೇಕಾದ ಹಾನಿ ಆಗಿಹೋಗಿತ್ತು. ತನ್ನ ಕೇಂದ್ರವು ಬೆಂಬಲಕ್ಕೆ ನಿಲ್ಲಲಿಲ್ಲವೆಂದು ನೊಂದು ರಾಜೀನಾಮೆಯಿತ್ತು ಅವನು ನ್ಯೂಯಾರ್ಕಿನದೇ ಡಬ್ಲ್ಯು.ಎ.ಬಿ.ಸಿ. ಕೇಂದ್ರಕ್ಕೆ ಸೇರಿದನು.

ಇಲ್ಲಿಯವರೆಗೆ ಹೇಳಿದುದು ಅನ್ಯರ ತಪ್ಪು. ಇನ್ನು ಹೇಳಬೇಕಾದುದು ಅವನದೇ ತಪ್ಪು. ಒಂದು ರೆಕಾರ್ಡು ಮಾರಾಟವಾಗಬೇಕಾದರೆ ಅದು ಬಾನುಲಿಯಲ್ಲಿ ಮತ್ತೆಮತ್ತೆ ಕೇಳಿಸಬೇಕು. ಅದನ್ನು ಕೇಳಿಸುವ ಅಧಿಕಾರ ಡಿಸ್ಕ್ ಜಾಕಿಯ ಕೈಯಲ್ಲಿತ್ತು. ಆದ್ದರಿಂದ ರೆಕಾರ್ಡಿನ ಕಂಪೆನಿಗಳು ಅವನಿಗೆ ಗುಟ್ಟಾಗಿ ಹಣ ಸಲ್ಲಿಸುತ್ತಿದ್ದವು. ಈ ಲಂಚಕ್ಕೆ ಪೇಯೋಲಾ ಎಂದು ಹೆಸರು. ಅದು ದೇಶದಾದ್ಯಂತ ಹಬ್ಬಿದ್ದ ರೂಢಿ; ಅದನ್ನು ನೇರವಾಗಿ ನಿಷೇಧಿಸುವ ಕೇಂದ್ರ ಕಾನೂನು ಆಗ ಇರಲಿಲ್ಲ. ಹಣವಲ್ಲದೆ ಇನ್ನೊಂದು ರೂಪದಲ್ಲಿಯೂ ಅದು ಬರುತ್ತಿತ್ತು. 1955ರಲ್ಲಿ ಚಕ್ ಬೆರಿ ತನ್ನ ಮೊದಲ ಪ್ರಸಿದ್ಧ ಗೀತೆ ಮೇಬೆಲಿನ್ ಅನ್ನು ಹಾಡಿದಾಗ, ಅದನ್ನು ರಚಿಸಿದವರ ಪಟ್ಟಿಯಲ್ಲಿ ಫ್ರೀಡನ ಹೆಸರೂ ಸೇರಿತ್ತು. ಆ ಹಾಡನ್ನು ಫ್ರೀಡ್ ಬರೆದಿರಲಿಲ್ಲ. ಬಾನುಲಿಯಲ್ಲಿ ಪ್ರಚಾರ ಕೊಟ್ಟಿದ್ದನು. ರಚನೆಕಾರರಿಗೆ ಸಲ್ಲುವ ಹಣದಲ್ಲಿ ಅವನಿಗೂ ಪಾಲು ಹೋಯಿತು. ಬೆರಿಗೆ ಪೂರ್ಣ ಹಕ್ಕು ಮರಳಿ ದೊರೆತುದು 1986ರಲ್ಲಿ. ಮರುಹಾಡುಗಳನ್ನು ಹಾಕದೆ ಕಪ್ಪು ಗಾಯಕರ ನ್ಯಾಯವನ್ನು ಕಾಯ್ದವನೇ ಅವರ ಬೆವರಿನ ಫಲದಲ್ಲಿ ಪಾಲು ಪಡೆದನೆಂಬುದನ್ನು ಓದುವಾಗ ನಮ್ಮ ಮನಸ್ಸಿಗೆ ಕಸಿವಿಸಿಯಾಗುತ್ತದೆ.

1959ರಲ್ಲಿ ಅಮೆರಿಕದ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಉತ್ತರಗಳನ್ನು ಮೊದಲೇ ಹೇಳಿಕೊಡುತ್ತಿದ್ದ ಮೋಸ ಹೊರಬಿದ್ದಿತು. ಜನರ ಸಿಟ್ಟು ಪ್ರಸಾರ ಮಾಧ್ಯಮದ ಕಡೆಗೆಲ್ಲ ತಿರುಗಿ, ಪೇಯೋಲಾದ ವಿಚಾರಣೆಗೂ ಕಾಲ ಬಂದಿತು. ಫ್ರೀಡನ ಕೇಂದ್ರವು ತನ್ನ ನೌಕರರಿಂದ, ಎಂದೂ ಅಂಥ ಹಣ ಪಡೆದಿಲ್ಲವೆಂಬ ಹೇಳಿಕೆಗೆ ಸಹಿ ಕೇಳಿತು. ಫ್ರೀಡ್ ಸಹಿ ಹಾಕಲಿಲ್ಲ. ಅಂಥ ಹೇಳಿಕೆ ಕೇಳುವುದೇ ತನಗೆ ಅವಮಾನವೆಂಬುದು ಅವನು ಕೊಟ್ಟ ಕಾರಣ. ಹಟಮಾರಿತನವೆಂದು ಕೆಲವರು ಹೇಳಬಹುದು. ಸಹಿ ಹಾಕಿದ್ದರೆ ಅದು ಸುಳ್ಳಾಗುತ್ತಿತ್ತೆಂಬುದೂ ನಿಜ. 1959ರ ನವೆಂಬರಿನಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿದರು. ದೂರದರ್ಶನದ ಕೆಲಸವೂ ಅದೇ ವಾರಗಳಲ್ಲಿ ಹೋಯಿತು.

1960ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಡಿಕ್ ಕ್ಲಾರ್ಕ್ ಎಂಬ ಇನ್ನೊಬ್ಬ ಪ್ರಸಿದ್ಧ ನಿರೂಪಕನೂ ಅದರ ಮುಂದೆ ನಿಂತನು. ಅವನಿಗೆ ಸಂಗೀತದ ಹಲವು ಕಂಪೆನಿಗಳಲ್ಲಿ ಪಾಲು ಇತ್ತು. ಅವುಗಳನ್ನೆಲ್ಲ ಬಿಟ್ಟುಕೊಟ್ಟು, ವಿನಯದಿಂದ ಉತ್ತರಿಸಿ ಅವನು ಪಾರಾದನು. ಮುಂದೆ ಹಲವು ದಶಕ ದೂರದರ್ಶನದಲ್ಲಿ ಮೆರೆದನು. ಫ್ರೀಡನನ್ನು ಮಾತ್ರ 1960ರ ಮೇ ತಿಂಗಳಲ್ಲಿ ಬೇರೆ ಏಳು ಜನರೊಡನೆ ನ್ಯೂಯಾರ್ಕಿನಲ್ಲಿ ಬಂಧಿಸಿದರು. ವ್ಯಾಪಾರದ ಲಂಚವನ್ನು ತಡೆಯುವ ಆ ರಾಜ್ಯದ ಕಾನೂನಿನಡಿ ಮೊಕದ್ದಮೆ ನಡೆಯಿತು. 1962ರ ಡಿಸೆಂಬರಿನಲ್ಲಿ ಎರಡು ಆರೋಪಗಳಲ್ಲಿ ಅವನು ತಪ್ಪೊಪ್ಪಿಕೊಂಡನು. ದಂಡ 300 ಡಾಲರು, ಸೆರೆವಾಸವನ್ನು ಅಮಾನತಿನಲ್ಲಿಟ್ಟರು. ಶಿಕ್ಷೆ ಸಣ್ಣದು, ಆದರೆ ಹೋದ ಹೆಸರು ಮತ್ತೆ ಬರಲಿಲ್ಲ. ಗುಟ್ಟಾಗಿ ಹಣ ಪಡೆದು ಹಾಡು ಹಾಕುವುದನ್ನು ಅಪರಾಧವೆಂದು ಸಾರುವ ಕೇಂದ್ರ ಕಾನೂನು ಅಷ್ಟರಲ್ಲಿ, 1960ರಲ್ಲಿ, ಜಾರಿಗೆ ಬಂದಿತ್ತು. ಬಹಳ ಜನರ ತಪ್ಪಿಗೆ ಒಬ್ಬನೇ ಹೆಚ್ಚು ಬೆಲೆ ತೆತ್ತನೆಂದು ಅನೇಕರು ಬರೆದಿದ್ದಾರೆ. ಅದು ನಿಜವಿರಬಹುದು. ಆದರೂ ಊರೆಲ್ಲ ಮಾಡುತ್ತದೆಂಬ ಕಾರಣಕ್ಕೆ ತಪ್ಪು ಸರಿಯಾಗುವುದಿಲ್ಲ.

ಕೊನೆಯ ವರ್ಷಗಳು ಕರುಣಾಜನಕ. ಲಾಸ್ ಏಂಜಲಿಸ್, ಮಯಾಮಿ ಎಂದು ಊರಿಂದೂರಿಗೆ ಅಲೆದು ಸಣ್ಣ ಕೆಲಸಗಳನ್ನು ಹಿಡಿದನು. ಯಾವುದೂ ಬಹುಕಾಲ ನಿಲ್ಲಲಿಲ್ಲ. ದುಡಿಮೆ ಕರಗಿತು, ಕುಡಿತ ಹೆಚ್ಚಿತು. 1964ರ ಮಾರ್ಚಿನಲ್ಲಿ 37,920 ಡಾಲರು ಆದಾಯ ತೆರಿಗೆಯನ್ನು ತಪ್ಪಿಸಿದನೆಂಬ ಹೊಸ ಆರೋಪ ಬಂದಿತು. ಅದರ ವಿಚಾರಣೆ ಮುಗಿಯುವ ಮೊದಲೇ ಅವನ ಆಯುಷ್ಯ ಮುಗಿಯಿತು. 1965ರ ಜನವರಿ 20ರಂದು ಕ್ಯಾಲಿಫೋರ್ನಿಯದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿನ ಕಾಯಿಲೆಯಿಂದ ಅವನು ತೀರಿಕೊಂಡನು. ಅವನು ಬೆಳೆಸಿದ ಸಂಗೀತವು ಆ ಹೊತ್ತಿಗೆ ಸಾಗರ ದಾಟಿ ಇಂಗ್ಲೆಂಡಿನ ಬೀಟಲ್ಸ್ ತಂಡದ ರೂಪದಲ್ಲಿ ಅಮೆರಿಕಕ್ಕೇ ಮರಳಿ ಬಂದು ಜಯಭೇರಿ ಬಾರಿಸುತ್ತಿತ್ತು.

ಸತ್ತ ಮೇಲೆ ಲೋಕ ಅವನನ್ನು ಮತ್ತೆ ನೆನೆಯಿತು. 1986ರಲ್ಲಿ ರಾಕ್ ಅಂಡ್ ರೋಲ್ ಕೀರ್ತಿಭವನಕ್ಕೆ ಆರಿಸಲಾದ ಮೊದಲ ತಂಡದಲ್ಲಿಯೇ ಚಕ್ ಬೆರಿ, ಫ್ಯಾಟ್ಸ್ ಡಾಮಿನೊ ಮೊದಲಾದವರೊಡನೆ ಅವನ ಹೆಸರೂ ಸೇರಿತು. ಆ ಭವನವನ್ನು ಕ್ಲೀವ್‌ಲ್ಯಾಂಡಿನಲ್ಲಿ ಕಟ್ಟಲು ಅವನ ನೆನಪೂ ಒಂದು ಕಾರಣ; ಅದರ ವಸ್ತುಸಂಗ್ರಹಾಲಯ 1995ರಲ್ಲಿ ತೆರೆಯಿತು. 2002ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಮಶಾನದಿಂದ ಅವನ ಚಿತಾಭಸ್ಮವನ್ನು ಅಲ್ಲಿಗೆ ತಂದಿರಿಸಿದರು. ಆದರೆ 2014ರಲ್ಲಿ ಅದನ್ನು ಅಲ್ಲಿಂದ ತೆಗೆಯಬೇಕಾಗಿ ಬಂದಿತು. 2016ರಲ್ಲಿ ಅದೇ ನಗರದ ಲೇಕ್ ವ್ಯೂ ಸ್ಮಶಾನದಲ್ಲಿ ಮಣ್ಣಿಗೆ ಒಪ್ಪಿಸಿದರು. ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಪೆಟ್ಟಿಗೆಯ ಆಕಾರದ ಕಲ್ಲು ಈಗ ಅವನ ಗುರುತಾಗಿ ನಿಂತಿದೆ. ಬದುಕಿನಲ್ಲಿ ಅಲೆದಾಡಿದವನಿಗೆ ಸತ್ತ ಮೇಲೂ 51 ವರ್ಷ ನೆಲೆ ಸಿಗಲಿಲ್ಲವೆಂದಾಯಿತು.

ಫ್ರೀಡನನ್ನು ನಾವು ಹೇಗೆ ನೆನೆಯಬೇಕು? ಮಹಾಪುರುಷರ ಪಟ್ಟಿಯಲ್ಲಿ ಅವನನ್ನು ಕೂರಿಸಲಾರೆವು. ಅಪರಾಧಿಯೆಂದು ತಳ್ಳಿಬಿಡಲೂ ಆಗದು. ಬೇರೆಯಾಗಿ ಕುಳಿತಿದ್ದ ಮಕ್ಕಳಿಗೆ ಒಂದೇ ಹಾಡನ್ನು ಕೇಳಿಸಿದ್ದು ಅವನ ಪುಣ್ಯ. ತನ್ನ ಆಯ್ಕೆ ಮನಸ್ಸಿನಿಂದ ಬಂದುದೆಂದು ನಂಬಿದ್ದ ಕೇಳುಗರಿಗೆ ತಿಳಿಯದಂತೆ ಆ ಆಯ್ಕೆಗೆ ಹಣ ಪಡೆದದ್ದು ಅವನ ಪಾಪ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಇಂದು ಬಾನುಲಿಗಿಂತ ಎಷ್ಟೋ ಹೆಚ್ಚು ಶಕ್ತಿಯ ಯಂತ್ರಗಳು ಮಕ್ಕಳ ಅಂಗೈಯಲ್ಲಿವೆ. ಯಾವ ಹಾಡನ್ನು ಕೇಳಬೇಕು, ಏನನ್ನು ನೋಡಬೇಕು ಎಂದು ಅವು ಗಳಿಗೆಗೊಮ್ಮೆ ಸೂಚಿಸುತ್ತವೆ. ಆ ಸೂಚನೆಯ ಹಿಂದೆ ಮೆಚ್ಚುಗೆಯಿದೆಯೋ ದುಡ್ಡಿದೆಯೋ ಎಂದು ಕೇಳಿಕೊಳ್ಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೂ ಮನೆಯ ಹಿರಿಯರಿಗೂ ಇರಲಿ. ಹಾಗೆಯೇ, ನಾಳೆ ಮಕ್ಕಳು ಯಾವುದೋ ಹೊಸ ಹಾಡನ್ನು ಮನೆಗೆ ತಂದರೆ, ಅದು ಯಾರ ಕೇರಿಯಿಂದ ಬಂತೆಂದು ವಿಚಾರಿಸುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳುವ ತಾಳ್ಮೆಯೂ ನಮಗೆ ಇರಲಿ ಎಂದು ಹಾರೈಸುತ್ತೇವೆ.